ಸೌಟಿನ ಸನ್ನೆ

ಅಮ್ಮ ಬಡಿಸುವಾಗ ಸೌಟನ್ನು ಗಡಿಗೆಯ ಬಾಯಿಗೆ ಎರಡು ಸಲ ಮೆಲ್ಲಗೆ ತಟ್ಟಿದಳೆಂದರೆ, ಮನೆಯವರು ಯಾರೂ ಇನ್ನು ಮೀನು ಹಾಕಿಸಿಕೊಳ್ಳಬಾರದು ಎಂದರ್ಥ. ಮಣ್ಣಿನ ಗಡಿಗೆ, ತೆಂಗಿನ ಕರಟಕ್ಕೆ ಬಿದಿರಿನ ಹಿಡಿ ಸಿಕ್ಕಿಸಿದ ಸೌಟು. ಟೊಕ್ ಟೊಕ್ ಎಂದು ಸಣ್ಣ ಸದ್ದು. ಹೊರಗಿನವರಿಗೆ ಅದು ಸೌಟಿಗೆ ಮೆತ್ತಿದ ಮಸಾಲೆ ಕೊಡವಿದ ಸದ್ದು, ಅಷ್ಟೇ. ನಮಗೆ ಮಾತ್ರ ಅದು ಆಜ್ಞೆ. ಅದು ಕಿವಿಗೆ ಬಿದ್ದ ಕ್ಷಣವೇ ನಾನು, ಅಕ್ಕ, ಕೆಲವೊಮ್ಮೆ ಅಪ್ಪಯ್ಯ ಕೂಡ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು "ನಂಗ್ ಬ್ಯಾಡ" ಅನ್ನುತ್ತಿದ್ದೆವು. ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ. ನಮ್ಮ ಮನೆಯ ತಗ್ಗು ಬಾಗಿಲಿಗೆ ತಲೆ ಬಗ್ಗಿಸುವುದನ್ನು ಕಲಿತ ಹಾಗೆ ಇದನ್ನೂ ಕಲಿತಿದ್ದೆವು.

ನಮ್ಮ ಮನೆ ಹಂಗಾರಕಟ್ಟೆಯ ಅಳಿವೆಯ ಅಂಚಿನಲ್ಲಿತ್ತು. ಅಪ್ಪಯ್ಯ ಬೇರೆಯವರ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಬೆಳಗಾಗುವ ಮುಂಚೆ ಬಂದರಿಗೆ ಹೋಗಿ ಮೀನು ಕೊಂಡು ತಂದು, ಬುಟ್ಟಿ ತಲೆಯ ಮೇಲಿಟ್ಟು, ಸಾಲಿಗ್ರಾಮದ ಸುತ್ತಿನ ಕೇರಿಗಳಲ್ಲಿ ಮನೆಮನೆಗೆ ಮಾರುತ್ತಿದ್ದಳು. ಅಕ್ಕ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ನಾನು ಹೈಸ್ಕೂಲು. ಮೀನು ಮಾರುವವರ ಮಗಳು ಎಂದ ಕೂಡಲೇ ಕ್ಲಾಸಿನವರು, "ನಿಮ್ಮನೆಯಲ್ಲಿ ದಿನಾ ಅಂಜಲ್ ಫ್ರೈ ಅಲ್ವಾ?" ಎಂದು ಕೇಳುತ್ತಿದ್ದರು. ನಾನೂ ಏನು ಕಡಿಮೆ, ಹೌದು ಎಂದು ಗತ್ತಿನಲ್ಲಿ ತಲೆಯಾಡಿಸುತ್ತಿದ್ದೆ. ಅಂಜಲ್ ಆಗಲಿ ಮಾಂಜಿ ಆಗಲಿ, ಅಂಥ ದುಬಾರಿ ಮೀನುಗಳು ನಮಗೆ ಬುಟ್ಟಿಯಲ್ಲಿ ಎಲೆ ಮುಚ್ಚಿಕೊಂಡು ಮಲಗಿರುತ್ತಿದ್ದ ದೊಡ್ಡವರ ಮನೆಯ ನೆಂಟರು. ಅವು ಬಂದಂತೆಯೇ ಹೊರಟುಹೋಗುತ್ತಿದ್ದವು. ಬುಟ್ಟಿಯ ತಳದಲ್ಲಿ ಹೊಟ್ಟೆ ಒಡೆದು ಉಳಿದ ಬೈಗೆ ಮೀನು, ಯಾರೂ ಬೇಡವೆಂದ ಸಣ್ಣ ಬಂಗುಡೆ ನಮ್ಮ ಗಡಿಗೆಗೆ ಬರುತ್ತಿತ್ತು. ಮಳೆಗಾಲದಲ್ಲಿ ಬೋಟು ದಡ ಸೇರಿದ ಮೇಲೆ ಅದೂ ಇಲ್ಲ. ಗಂಜಿ, ಸುಟ್ಟ ಒಣಮೀನು, ಮತ್ತೆ ಗಂಜಿ.

ಅಮ್ಮ ಜುಗ್ಗಿ ಅಲ್ಲ. ಈ ಮಾತನ್ನು ಯಾರಾದರೂ ಆಡಿದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಆದರೆ ಅವಳ ಕೈ ಬಿಗಿ, ಅದು ನಿಜ. ಸವೆದು ಎಲೆಯಷ್ಟು ತೆಳ್ಳಗಾದ ಸೋಪನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದಳು. ಮಸಾಲೆ ಅರೆದ ಕಲ್ಲನ್ನು ತೊಳೆದ ನೀರು ನೆಲ ಕಂಡದ್ದೇ ಇಲ್ಲ, ಅದು ಸಾರಿಗೇ ಸೇರಬೇಕು. ಬಚ್ಚಲ ಒಲೆಗೆ ಬೆಂಕಿ ಬೇಕಾದರೆ ಅಡುಗೆ ಒಲೆಯಿಂದ ಕೊಳ್ಳಿ ಒಯ್ಯಬೇಕೇ ಹೊರತು ಮತ್ತೊಂದು ಕಡ್ಡಿ ಗೀರುವಂತಿಲ್ಲ. ಬಸ್ಸಿನಲ್ಲಿ ಟಿಕೆಟ್ ದರ ಏರುವ ಸ್ಟಾಪಿಗಿಂತ ಒಂದು ಸ್ಟಾಪ್ ಹಿಂದೆಯೇ ಇಳಿದು, "ಕೂಕಂಡ್ ಕೂಕಂಡ್ ಕಾಲ್ ಹಿಡ್ಕಂತ್, ಸಲ್ಪ ನಡೂವ" ಅನ್ನುತ್ತಿದ್ದಳು. ಬಿಸಿಲಿನಲ್ಲಿ ಅವಳ ಹಿಂದೆ ಕಾಲೆಳೆಯುತ್ತ, ಈ ಕಾಲು ಹಿಡಿಯುವ ಕಾಯಿಲೆ ನಮ್ಮ ಮನೆಯವರಿಗೆ ಮಾತ್ರ ಯಾಕಪ್ಪ ಎಂದು ನಾನು ಯೋಚಿಸುತ್ತಿದ್ದೆ.

ಇಷ್ಟೆಲ್ಲ ಮಾಡುತ್ತಿದ್ದರೂ ಮಾಡುವುದು ಯಾರಿಗೂ ಕಾಣಬಾರದು. ಅವಳ ಇಡೀ ಬದುಕಿನ ಹಟ ಅದೊಂದೇ ಆಗಿತ್ತು. ಇಲ್ಲದ್ದಕ್ಕೆ ಅವಳಿಗೆ ಅಷ್ಟು ನೋವಿರಲಿಲ್ಲ, ಇಲ್ಲವೆಂಬುದು ಪಕ್ಕದ ಮನೆಗೆ ತಿಳಿದರೆ ಸತ್ತಷ್ಟು ಸಂಕಟ. ಬರೀ ಗಂಜಿಯೂಟದ ದಿನ ಕೂಡ ಊಟದ ಹೊತ್ತಿಗೆ ಸರಿಯಾಗಿ ಒಂದು ಹನಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಚೊಂಯ್ ಎನ್ನಿಸುತ್ತಿದ್ದಳು. ಆ ಸದ್ದು, ಆ ಪರಿಮಳ ಬೇಲಿ ದಾಟಿ ಹೋಗಬೇಕು. "ನಮ್ಮನಿ ಗಡಿಗೆ ಒಳಗೆ ಎಂತ ಇತ್ತ್ ಅಂದ್ಹೇಳಿ ಊರಿಗೆ ಗೊತ್ತಾಯ್ಕಂದೇನಿಲ್ಲೆ" ಎನ್ನುತ್ತಿದ್ದಳು. ನನಗೆ ಅದನ್ನೆಲ್ಲ ಕಂಡು ಒಳಗೊಳಗೇ ನಾಚಿಕೆ. ಅಂಚಿನ ಹೊಲಿಗೆ ಬಿಚ್ಚಿ ಇಳಿಸಿ ಇಳಿಸಿ ಹಳೆಯ ಮಡಿಕೆಯ ಗೆರೆಗಳು ಉಳಿದ ಯೂನಿಫಾರ್ಮಿನ ಲಂಗವನ್ನು ಬ್ಯಾಗ್ ಅಡ್ಡ ಹಿಡಿದು ಮುಚ್ಚಿಕೊಳ್ಳುತ್ತಿದ್ದೆ. ಬುತ್ತಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಉಣ್ಣುತ್ತಿದ್ದೆ. ಮುಚ್ಚಿಡುವುದರಲ್ಲಿ ನಾನೂ ಅಮ್ಮನ ಮಗಳೇ.

ಅಕ್ಕನಿಗೆ ಸಂಬಂಧ ಕೂಡಿಬಂದದ್ದು ಹೊಸ ಶತಮಾನ ಹತ್ತಿರ ಬಂತು ಎಂದು ಊರೆಲ್ಲ ಮಾತಾಡುತ್ತಿದ್ದ ದಿನಗಳಲ್ಲಿ. ಹುಡುಗನ ಮನೆ ಮರವಂತೆ. ಸ್ವಂತ ದೋಣಿ ಇತ್ತು, ಮನೆಯ ಹಿಂದೆ ಮೀನು ಒಣಗಿಸುವ ಅಂಗಳವಿತ್ತು. ನಮ್ಮ ಲೆಕ್ಕದಲ್ಲಿ ಅವರು ಎತ್ತರದವರು. ಹುಡುಗ ಅಕ್ಕನನ್ನು ಯಾವುದೋ ಮದುವೆಯಲ್ಲಿ ನೋಡಿ ತಾನೇ ಕೇಳಿಕೊಂಡು ಬಂದಿದ್ದ. ಮೊದಲ ಸಲ ಬಂದಾಗ ಅವಲಕ್ಕಿ, ಬಾಳೆಹಣ್ಣು, ಚಾ ಎಲ್ಲ ಸಾಂಗವಾಗಿ ನಡೆಯಿತು. ಅಕ್ಕ ಗೇರುಬೀಜದ ಕರೆ ಹಿಡಿದ ಬೆರಳುಗಳನ್ನು ಎಣ್ಣೆ ಹಚ್ಚಿ ಹಚ್ಚಿ ಉಜ್ಜುತ್ತಿದ್ದಳು. ಅವಳಿಗೆ ಒಪ್ಪಿಗೆಯೆಂದು ತಿಳಿಯಲು ನನಗೆ ಅಷ್ಟು ಸಾಕಾಗಿತ್ತು. ಅವರ ಕಡೆಯಿಂದ ಮಾತು ಬರುವುದೊಂದೇ ಬಾಕಿ.

ಒಂದು ಭಾನುವಾರ ನಡುಮಧ್ಯಾಹ್ನ ಹುಡುಗನ ಅಮ್ಮ ಮತ್ತು ಅವರ ಅಣ್ಣ, ಅಂದರೆ ಹುಡುಗನ ಸೋದರಮಾವ, ಹೇಳದೆ ಕೇಳದೆ ಬಂದುಬಿಟ್ಟರು. ಸಾಲಿಗ್ರಾಮದಲ್ಲಿ ಯಾರನ್ನೋ ಕಾಣಲಿಕ್ಕಿತ್ತಂತೆ, ಹಾಗೇ ಇಲ್ಲಿಗೂ ಬಂದೆವು ಎಂದರು. ಹಾಗೇ ಬಂದದ್ದಲ್ಲ, ಮನೆ ಹೇಗಿದೆಯೆಂದು ನೋಡಲು ಬಂದದ್ದು ಎಂದು ನನಗೂ ಗೊತ್ತಾಯಿತು. ಅಪ್ಪಯ್ಯ ಸಮುದ್ರದಲ್ಲಿದ್ದರು. ಅಮ್ಮ ಆಗಷ್ಟೇ ಬುಟ್ಟಿ ಇಳಿಸಿದ್ದಳು.

"ಹ್ವಾಯ್, ಉಂಡ್ಕಂಡೇ ಹೋಯ್ಕ್" ಎಂದಳು ಅಮ್ಮ. ಅದು ನಾವೆಲ್ಲ ಹೇಳುವ ಮಾತು. ಬಂದವರು ಬೇಡ ಬೇಡ ಎನ್ನಬೇಕು. ಇವರು, "ಆಯ್ತ್, ಉಂಡ್ಕಂಡೇ ಹೋಪ" ಎಂದು ಚಾಪೆಯ ಮೇಲೆ ಕಾಲು ಮಡಚಿ ಕುಳಿತೇಬಿಟ್ಟರು.

ಪುಣ್ಯಕ್ಕೆ ಬುಟ್ಟಿಯಲ್ಲಿ ಒಂದು ಚಿಕ್ಕ ಅಂಜಲ್ ಉಳಿದಿತ್ತು. ಯಾವಾಗಲೂ ತೆಗೆದುಕೊಳ್ಳುವ ಮನೆಯವರು ಊರಲ್ಲಿರಲಿಲ್ಲವಂತೆ. ಸಂಜೆ ಮತ್ತೊಮ್ಮೆ ಹೋಗಿ ಕೊಟ್ಟು ಬರೋಣವೆಂದು ಅಮ್ಮ ತಂದಿದ್ದಳು. ಈಗ ಅದನ್ನೇ ಮಣೆಯ ಮೇಲಿಟ್ಟು, ಒಂದು ಗಳಿಗೆ ಸುಮ್ಮನೆ ನೋಡಿ, ಕತ್ತಿ ಹಾಕಿದಳು. ಹಿಂದಿನ ದಿನದ ತೆಂಗಿನಕಾಯಿಯ ಅರ್ಧ ಹೋಳು ತುರಿದು, ಮಸಾಲೆ ಅರೆದು, ಗಡಿಗೆ ಒಲೆಯ ಮೇಲಿಟ್ಟದ್ದೇ ಮನೆಯೆಲ್ಲ ಘಮಘಮ. ನಮ್ಮ ಮನೆಯ ಗಡಿಗೆಯಲ್ಲಿ ಅಂಜಲ್ ಕುದಿಯುವುದನ್ನು ನಾನು ಕಂಡದ್ದು ಅದೇ ಮೊದಲು. ತಲೆ, ಬಾಲ ಬಿಟ್ಟರೆ ತುಂಡುಗಳು ಬಂದವರಿಗೆ ಒಂದು ಸಲಕ್ಕೆ, ಮತ್ತೊಂದು ಸಲಕ್ಕೆ ಸಾಕು. ನಮ್ಮನ್ನು ಅಮ್ಮ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ನಾವು ಕೊನೆಗೆ ಸಾರು ಹಾಕಿಕೊಂಡು ಉಣ್ಣುವವರು.

ತಟ್ಟೆ ಇಡುವ ಹೊತ್ತಿಗೆ ಹುಡುಗನ ಅಮ್ಮ, "ಹೆಣ್ಣ್ ನಮ್ಮೊಟ್ಟಿಗೇ ಕೂಕಣ್ಲಿ. ನೀನೂ ಬಾ ಮಗಾ" ಎಂದು ನಮ್ಮಿಬ್ಬರನ್ನೂ ಕೈಹಿಡಿದು ಕೂರಿಸಿಕೊಂಡರು. ಪ್ರೀತಿಯಿಂದಲೇ ಕರೆದದ್ದು. ಅಡುಗೆಮನೆಯ ಬಾಗಿಲಲ್ಲಿ ಗಡಿಗೆ ಹಿಡಿದು ನಿಂತಿದ್ದ ಅಮ್ಮನ ಮುಖ ಮಾತ್ರ ಸಣ್ಣಗಾಯಿತು.

ಅಮ್ಮ ಮಾವನಿಗೆ ಬಡಿಸಿದಳು. ಹುಡುಗನ ಅಮ್ಮನಿಗೆ ಬಡಿಸಿದಳು. ಅಕ್ಕನ ತಟ್ಟೆಯ ಎದುರು ಬಂದಾಗ ಸೌಟು ಗಡಿಗೆಗೆ ತಾಗಿತು. ಟೊಕ್ ಟೊಕ್.

ಅಕ್ಕ ಅಂಗೈ ಅಡ್ಡ ಹಿಡಿದು, "ನಂಗ್ ಮೀನ್ ಬ್ಯಾಡ" ಎಂದಳು. ನಾನೂ ತಡಮಾಡಲಿಲ್ಲ, "ನಂಗೂ ಬ್ಯಾಡ" ಎಂದೆ.

ಮಾವನ ಕೈ ತುತ್ತಿನ ಸಮೇತ ನಿಂತಿತು. "ಎಂತ, ಇಬ್ರಿಗೂ ಬ್ಯಾಡ್ದಾ?"

"ಇಬ್ರಿಗೂ ಮೀನ್ ಅಷ್ಟ್ ಆತಿಲ್ಲೆ" ಎಂದಳು ಅಮ್ಮ. ತಟ್ಟನೆ ಬಾಯಿಗೆ ಬಂದ ಸುಳ್ಳು. ಅನ್ನ ಉಣ್ಣುವುದು ಕಮ್ಮಿ ಎಂದಿದ್ದರೂ ನಡೆಯುತ್ತಿತ್ತು, ಸಿಹಿ ಆಗುವುದಿಲ್ಲ ಎಂದಿದ್ದರೂ ನಡೆಯುತ್ತಿತ್ತು. ಮೀನಿನಿಂದಲೇ ಬದುಕುವ ಮನೆಗೆ ಸೊಸೆಯಾಗಿ ಹೋಗಬೇಕಾದ ಹುಡುಗಿಗೆ ಮೀನು ಆಗುವುದಿಲ್ಲ ಎಂದರೆ ಏನಾಗುತ್ತದೆಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಹುಡುಗನ ಅಮ್ಮ ಊಟ ನಿಲ್ಲಿಸಿದರು. "ಹಾಂಗಾರೆ ಹ್ಯಾಂಗೆ? ನಮ್ಮನಿಯಂಗೆ ಬೆಳಗಾತ ಎದ್ರೆ ಮೀನೇ. ಕೊಯ್ಯುದೂ ಮೀನ್, ಒಣ್ಸುದೂ ಮೀನ್. ಮೀನ್ ಕಂಡ್ರೆ ಆಗ್ದಿದ್ ಹೆಣ್ಣ್ ಅಲ್ ಬಂದ್ ಎಂತ ಮಾಡುದ್?"

ಮಾವ ನೇರ ಮನುಷ್ಯ. "ಹೆಣ್ಣಿಗ್ ಹುಷಾರಿತ್ತ್ ಅಲ್ದಾ? ಎಂತಾರೂ ಕಾಯ್ಲೆ ಗೀಯ್ಲೆ ಇದ್ರೆ ಈಗ್ಳೇ ಹೇಳ್ಕ್. ಕಡಿಗೆ ಹೇಳುದಲ್ಲ."

ಅಮ್ಮ ಗಡಿಗೆ ಹಿಡಿದು ನಿಂತೇ ಇದ್ದಳು. ನಿಜ ಹೇಳಿದರೆ ಇಷ್ಟು ವರ್ಷ ಬೇಲಿಯಾಚೆ ಹೋಗದಂತೆ ಕಾದದ್ದು ಹೋಗುತ್ತದೆ. ಹೇಳದಿದ್ದರೆ ಮಗಳ ಸಂಬಂಧ ಹೋಗುತ್ತದೆ. ಮಾವ ನೀರಿನ ಲೋಟಕ್ಕೆ ಕೈಹಾಕಿದರು, ಊಟ ಅರ್ಧಕ್ಕೆ ಬಿಟ್ಟು ಏಳುವವರ ಹಾಗೆ. ಭೂಮಿ ಬಾಯಿಬಿಡಬಾರದೇ ಎಂದು ನಾನು ತಟ್ಟೆಯನ್ನೇ ನೋಡುತ್ತಿದ್ದೆ.

ಆಗ ಅಕ್ಕ ತಲೆ ಎತ್ತಿದಳು. "ನಾ ಮೀನ್ ತಿಂತೆ" ಎಂದಳು. "ನಂಗೆ ಯಾವ ಕಾಯ್ಲೆಯೂ ಇಲ್ಲೆ. ಮೀನ್ ಸಾಲ್ದ್ ಅಂದ್ಹೇಳಿ ಅಮ್ಮ ಸೌಟ್ ತಟ್ಟಿದ್. ಸೌಟ್ ತಟ್ಟ್ರೆ ನಾವ್ ಬ್ಯಾಡ ಅಂಬ್ದ್. ನಮ್ಮನಿಯಂಗೆ ಹಾಂಗೇ."

ಹುಡುಗನ ಅಮ್ಮ ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಹೊಟ್ಟೆಯಿಂದ ಬಂದ ನಗು. "ಅಯ್ಯೋ ಹೆಣೆ, ಹೀಂಗಾ ವಿಷ್ಯ!" ಎಂದು ತಮ್ಮ ತಟ್ಟೆಯ ತುಂಡನ್ನು ಮುರಿದು ಅರ್ಧ ಅಕ್ಕನಿಗೆ, ಉಳಿದದ್ದರಲ್ಲಿ ಸ್ವಲ್ಪ ನನಗೆ ಹಾಕಿದರು. ಮಾವನೂ ನಕ್ಕು ಮತ್ತೆ ಊಟಕ್ಕೆ ಕೈ ಹಾಕಿದರು. ಅಂಜಲ್ ನನ್ನ ಬಾಯಿಗೆ ಬಂತು. ಅದರ ರುಚಿ ಹೇಗಿತ್ತೆಂದು ಕೇಳಿದರೆ ಹೇಳಲಾರೆ.

ಅವರು ಹೊರಟ ಮೇಲೆ ನಾನು ಹಿಂದಿನ ಅಂಗಳಕ್ಕೆ ಹೋದೆ. ಅಮ್ಮ ಬಾವಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಗಡಿಗೆ ತಿಕ್ಕುತ್ತಿದ್ದಳು. ಊಟ ಮುಗಿದಾಗ ಗಡಿಗೆಯಲ್ಲಿ ಸಾರು ಉಳಿದಿತ್ತು, ಮೀನಿನ ತಲೆ ಇತ್ತು, ಮರುದಿನಕ್ಕೂ ಆಗುತ್ತಿತ್ತು. ಅದೆಲ್ಲ ತೆಂಗಿನ ಬುಡದಲ್ಲಿ ಚೆಲ್ಲಿಹೋಗಿತ್ತು, ಕಾಗೆಗಳು ಇಳಿದಿದ್ದವು. ಅರೆದ ಕಲ್ಲಿನ ನೀರನ್ನೂ ಚೆಲ್ಲದ ಅಮ್ಮ ಉಣ್ಣುವ ಪದಾರ್ಥ ಚೆಲ್ಲಿದ್ದನ್ನು ನಾನು ಕಂಡದ್ದು ಆ ಒಂದೇ ದಿನ. ನನ್ನ ಕಡೆ ತಿರುಗಲಿಲ್ಲ. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು.

ಸಂಬಂಧ ಗಟ್ಟಿಯಾಯಿತು. ಅಕ್ಕ ಮರವಂತೆಗೆ ಹೋದಳು, ಚೆನ್ನಾಗಿಯೇ ಬಾಳಿದಳು. ಆದರೆ ಸೌಟಿನ ಕಥೆಯೂ ಅವಳ ಜೊತೆಗೇ ಹೋಯಿತು. ಆ ಮನೆಯಲ್ಲಿ ಅದು ಒಳ್ಳೆಯ ತಮಾಷೆ. ನೆಂಟರು ಕೂಡಿದಾಗ ಯಾರಾದರೂ ಪಾತ್ರೆಗೆ ಸೌಟು ಬಡಿದು, "ಎಲ್ರೂ ಕೈ ಅಡ್ಡ ಹಿಡಿನಿ ಕಾಂಬ!" ಎಂದರೆ ಸಾಕು, ಮನೆಯೆಲ್ಲ ಘೊಳ್ಳೆಂದು ನಗು. ಅಕ್ಕನೂ ನಗುತ್ತಿದ್ದಳು. ಅಮ್ಮನ ಎದುರಿಗೇ ಒಮ್ಮೆ ಹೀಗಾಯಿತು. ಅಮ್ಮನೂ ನಕ್ಕಳು. ಆ ನಗುವನ್ನು ನೋಡಲಾಗದೆ ನಾನು ಎದ್ದು ಸಮುದ್ರದ ಕಡೆ ಹೋದೆ. ಮತ್ತೆ ಅಮ್ಮ ಮರವಂತೆಗೆ ಹೋದಾಗಲೆಲ್ಲ ಮನೆಯಲ್ಲೇ ಉಂಡು ಹೊರಡುತ್ತಿದ್ದಳು. ಅಲ್ಲಿ ಎಷ್ಟು ಒತ್ತಾಯಿಸಿದರೂ, "ಊಟ ಆಯ್ತ್" ಎಂದು ಬಾಗಿಲ ಬದಿಯಲ್ಲಿ ಕುಳಿತಿದ್ದು ಬರುತ್ತಿದ್ದಳು.

ಸೌಟು ತಟ್ಟುವುದನ್ನು ಅವಳು ಆ ಭಾನುವಾರವೇ ಬಿಟ್ಟಳು. ಕೊಡವದೆ, ಸದ್ದಿಲ್ಲದೆ ಬಡಿಸತೊಡಗಿದಳು. ನನಗೂ ಅಪ್ಪಯ್ಯನಿಗೂ ಅದು ಇನ್ನೂ ಕಷ್ಟವಾಯಿತು. ಸನ್ನೆಯಿದ್ದಾಗ, ಸನ್ನೆ ಇಲ್ಲದ ದಿನವಾದರೂ ಧೈರ್ಯದಿಂದ ಮತ್ತೊಂದು ತುಂಡು ಕೇಳಬಹುದಿತ್ತು. ಈಗ ಗಡಿಗೆಯಲ್ಲಿ ಮೀನು ಇದೆಯೋ ಇಲ್ಲವೋ ತಿಳಿಯದು. ಆಮೇಲೆ ನಾವು ಯಾವ ದಿನವೂ ಎರಡನೆಯ ಸಲ ಕೇಳಲಿಲ್ಲ.

ನನ್ನ ಮದುವೆಯಾಯಿತು. ಗಂಡನಿಗೆ ಬ್ರಹ್ಮಾವರದಲ್ಲಿ ಸರಕಾರಿ ಕಚೇರಿಯ ಕೆಲಸ. ಟೈಲ್ಸ್ ಹಾಕಿದ ಮನೆ, ಫ್ರಿಜ್ಜು, ಒಬ್ಬಳೇ ಮಗಳು. ಅಪ್ಪಯ್ಯ ತೀರಿಕೊಂಡ ಮೇಲೆ ಅಮ್ಮ ನಮ್ಮಲ್ಲಿಗೆ ಬಂದಳು. ಬಂದವಳು ಸುಮ್ಮನಿರಬೇಕಲ್ಲ. ಹಾಲಿನ ಪ್ಯಾಕೆಟ್ಟುಗಳನ್ನು ಕತ್ತರಿಸಿ ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸುವಳು. ಯಾರಾದರೂ ಗೇಟು ತೆರೆದ ಸದ್ದಾದರೆ ನಾನು ಓಡಿಹೋಗಿ ಅವನ್ನು ಕಿತ್ತು ಸೆರಗಿನಲ್ಲಿ ಸುತ್ತಿ ಒಳಗೆ ಬರುವೆ. "ಎಂತಕ್ಕಮ್ಮ ಇದೆಲ್ಲ? ಕಂಡವ್ರ್ ಎಂತ ಹೇಳುದ್?" ಎಂದು ರೇಗುವೆ. ಮರುದಿನ ಮತ್ತೆ ಹಗ್ಗದ ಮೇಲೆ ಪ್ಯಾಕೆಟ್ಟುಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಬಲ್ಬು ಆರಿಸುವುದು, ಒಂದು ಹಿಡಿ ಅನ್ನವನ್ನೂ ಡಬ್ಬಿಗೆ ಹಾಕಿ ಫ್ರಿಜ್ಜಿನ ಮೂಲೆಗೆ ತಳ್ಳುವುದು, ಎಲ್ಲ ಮೊದಲಿನಂತೆಯೇ. ಅವಳು ನನ್ನನ್ನು ನೋಡುವ ನೋಟದಲ್ಲಿ ಒಂದು ಚಿಂತೆ ಇರುತ್ತಿತ್ತು. ಇವಳ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಎಂಬ ಚಿಂತೆ.

ಒಂದು ಭಾನುವಾರ ಗಂಡನ ಕಚೇರಿಯ ಸಾಹೇಬರನ್ನೂ ಅವರ ಹೆಂಡತಿಯನ್ನೂ ಊಟಕ್ಕೆ ಕರೆದಿದ್ದೆವು. ದೊಡ್ಡ ಅಂಜಲ್ ತರಿಸಿದ್ದೆ. ನಮ್ಮ ಕಡೆಯ ಮೀನು ಸಾರೆಂದರೆ ಏನೆಂದು ಘಟ್ಟದ ಮೇಲಿನವರಿಗೆ ತಿಳಿಯಲಿ ಎಂಬ ಜಂಬವೂ ಇತ್ತು. ಮಗಳು ಟ್ಯೂಷನ್ನಿಗೆ ಹೋಗಿದ್ದಳು, ಮಧ್ಯಾಹ್ನ ಕಳೆದ ಮೇಲೆ ಬರುವವಳು. ಮೀನಿನ ನಡುಭಾಗದ ಎರಡು ಒಳ್ಳೆಯ ತುಂಡುಗಳು ಅವಳಿಗೆಂದು ನನ್ನ ಮನಸ್ಸಿನಲ್ಲಿದ್ದವು.

ಅಮ್ಮ ಕೋಣೆಯಲ್ಲೇ ಇದ್ದಳು. ಸಾಹೇಬರ ಹೆಂಡತಿಯೇ, "ಅಮ್ಮನೂ ನಮ್ಮ ಜೊತೆಗೇ ಊಟಕ್ಕೆ ಕೂರಲಿ" ಎಂದು ಕರೆದು ತಂದರು. ಒಳ್ಳೆಯ ಹೆಂಗಸು. ಅಮ್ಮ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು ಮೇಜಿನ ತುದಿಯ ಕುರ್ಚಿಯಲ್ಲಿ ಕುಳಿತಳು.

ಬಂದವರು ಮನಸಾರೆ ಉಂಡರು. ಎರಡು ಸಲ, ಮೂರು ಸಲ ಹಾಕಿಸಿಕೊಂಡರು. ಹಾಕುತ್ತ ಹಾಕುತ್ತ ಪಾತ್ರೆ ನಾನೆಣಿಸಿದ್ದಕ್ಕಿಂತ ಬೇಗ ತಳ ಕಾಣತೊಡಗಿತು. ಅಮ್ಮನ ತಟ್ಟೆಯ ಹತ್ತಿರ ಬಂದೆ. ಅವಳಿಗೆ ಅದುವರೆಗೆ ಹಾಕಿದ್ದು ಬಾಲದ ಸಣ್ಣ ತುಂಡು ಮಾತ್ರ. ಸೌಟು ಪಾತ್ರೆಯೊಳಗೆ ಇಳಿಸಿದೆ. ಮೇಲೆತ್ತಿದೆ. ನನ್ನ ಕೈ ಸೌಟನ್ನು ಸ್ಟೀಲ್ ಪಾತ್ರೆಯ ಅಂಚಿಗೆ ಎರಡು ಸಲ ತಟ್ಟಿತು.

ಸದ್ದು ಬೇರೆ, ಟಣ್ ಟಣ್. ಊರು ಬೇರೆ, ಕಾಲ ಬೇರೆ. ಅಮ್ಮ ಅಂಗೈ ತಟ್ಟೆಗೆ ಅಡ್ಡ ಹಿಡಿದಳು.

"ನಂಗ್ ಬ್ಯಾಡ. ಮೀನ್ ಈಗೀಗ ಆತಿಲ್ಲೆ" ಎಂದಳು, ಸಾಹೇಬರ ಹೆಂಡತಿಯ ಕಡೆ ತಿರುಗಿ, ಹಸನ್ಮುಖಿಯಾಗಿ.

"ವಯಸ್ಸಾದ ಮೇಲೆ ಹಾಗೇ ಬಿಡಿ" ಎಂದರು ಅವರು.

ಇಲ್ಲಮ್ಮ, ಹಾಕಿಸ್ಕೋ ಎಂದು ಅಲ್ಲೇ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ಪಾತ್ರೆ ಹಿಡಿದು ಒಳಗೆ ಬಂದೆ. ಕೈಗೆ ಹಾಗೆ ಅಭ್ಯಾಸವಾಗಿರಬೇಕು, ಸೌಟಿಗೆ ಮಸಾಲೆ ಮೆತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಕೈಗೆ ಪಾತ್ರೆಯಲ್ಲಿ ಎಷ್ಟು ಉಳಿದಿದೆಯೆಂದು ಗೊತ್ತಿತ್ತು. ಮೂರು ಸಲ ಹಾಕಿಸಿಕೊಂಡ ಸಾಹೇಬರ ತಟ್ಟೆಯ ಮುಂದೆ ಅದು ತಟ್ಟಿರಲಿಲ್ಲ.

ಬಂದವರು ಹೊರಟಾಗ ಗಂಡ ಅವರನ್ನು ಬಿಡಲು ಗೇಟಿನವರೆಗೆ ಹೋದರು. ಅಮ್ಮ ಅಡುಗೆಮನೆಗೆ ಬಂದಳು. ನಾನು ಪಾತ್ರೆ ಮುಚ್ಚಿಟ್ಟು ಗೋಡೆ ನೋಡುತ್ತ ನಿಂತಿದ್ದೆ. ಅವಳು ಬೈದಿದ್ದರೆ, ಅತ್ತಿದ್ದರೆ, ಮಾತಾಡದೆ ಕೋಣೆಗೆ ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಬೆನ್ನು ಸವರಿದಳು.

"ನಂಗ್ ಒಂದೇ ಯೋಚ್ನೆ ಆಯ್ದಿತ್" ಎಂದಳು ಪಿಸುದನಿಯಲ್ಲಿ. "ನಿನ್ ಕೈ ಬಿಚ್ಚ್ ಜಾಸ್ತಿ, ಮನಿ ಹ್ಯಾಂಗ್ ನಡ್ಸ್ತ್ಯೋ ಅಂದ್ಹೇಳಿ. ಇವತ್ತ್ ಸಮಾಧಾನ ಆಯ್ತ್. ಚಂದ ತಟ್ಟ್ದೆ ಹೆಣೆ. ಅವ್ರಿಗೆ ಎಂತದೂ ಗೊತ್ತಾಯ್ಲಿಲ್ಲೆ."

ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅಕ್ಕನ ಮನೆಯಲ್ಲಿ ನಗೆಪಾಟಲಾದ ಅವಳ ಗುಟ್ಟು ಕೊನೆಗೂ ಒಬ್ಬ ಮಗಳ ಮನೆಯಲ್ಲಿ ಗುಟ್ಟಾಗಿಯೇ ಉಳಿಯಿತೆಂಬ ಸಂತೋಷ.

ನಾನು ಪಾತ್ರೆಯ ಮುಚ್ಚಳ ತೆರೆದೆ. "ಅಮ್ಮ, ಮೀನ್ ಇನ್ನೂ ಇತ್ತ್. ಈಗ ಕೂಕೋ, ಬಡಿಸ್ತೆ."

ಅವಳು ಬಗ್ಗಿ ನೋಡಿದಳು. "ಮಗಿಗೆ ಇರ್ಲಿ" ಎಂದಳು. ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮುಚ್ಚಿದಳು.

ಮಗಳು ಬಂದು ಕೈತೊಳೆದು ಮೇಜಿಗೆ ಕುಳಿತಳು. ಅಮ್ಮ ಎದುರಿನ ಕುರ್ಚಿಯಲ್ಲಿ ಕುಳಿತು ಮೊಮ್ಮಗಳ ತಟ್ಟೆಯನ್ನೇ ನೋಡುತ್ತಿದ್ದಳು. ಎರಡೂ ತುಂಡುಗಳನ್ನು ನಾನು ಮಗಳಿಗೇ ಹಾಕಿದೆ, ಸೌಟು ಪಾತ್ರೆಗೆ ತಾಗದ ಹಾಗೆ ಎಚ್ಚರದಿಂದ.